ಕಟ್ಟೋಕೆ ದುಡ್ಡಿದೆ ಸರಿ, ಆರನೇ ವರ್ಷದ ಸಂಬಳ ಯಾರು ಕೊಡ್ತಾರೆ?

ಮಾಜಿ ಸೈನಿಕರ ನೆನಪಿಗೆ ಒಂದು ಸಂದರ್ಶಕರ ಕೇಂದ್ರ ಕಟ್ಟಬಹುದಾ ನೋಡಿ, ವರದಿ ಕೊಡಿ ಅಂತ ಸಮಿತಿಗಳು ನಮ್ಮ ಹತ್ತಿರ ಬರುತ್ತವೆ. ಬರುವವರೆಲ್ಲ ಒಳ್ಳೆಯ ಜನ. ನಿವೃತ್ತ ಸುಬೇದಾರರು, ಊರಿನ ಮೇಷ್ಟ್ರು, ಜಾಗ ಬಿಟ್ಟುಕೊಡಲು ಮುಂದೆ ಬಂದ ಯಾರೋ ಕಾಫಿ ತೋಟದವರು. ಆದರೆ ಕೈಯಲ್ಲಿ ಆಗಲೇ ನಕ್ಷೆ ಇರುತ್ತದೆ. ಅದರಲ್ಲಿ ಬಾಗಿಲ ಮುಂದೆ ಒಂದು ಯುದ್ಧ ಟ್ಯಾಂಕ್. ಮಡಿಕೇರಿಯ ಸನ್ನಿಸೈಡ್ ಸೈನಿಕ ಮ್ಯೂಸಿಯಂ ನೋಡಿ ಬಂದವರಂತೂ ಟ್ಯಾಂಕ್ ಇಲ್ಲದೆ ಮಾತೇ ಶುರು ಮಾಡುವುದಿಲ್ಲ!

ನಾನು ಕೇಳುವುದು ಒಂದೇ: ನಡೆಸಲು ವರ್ಷಕ್ಕೆ ಎಷ್ಟು ಬೇಕು, ಅದನ್ನು ಯಾರು ಕೊಡುತ್ತಾರೆ? "ಅದೇನ್ ಸಾರ್, ಕರೆಂಟ್ ಬಿಲ್ಲು, ಕಸ ಗುಡಿಸೋದು ತಾನೇ? ಟಿಕೆಟ್ ದುಡ್ಡಲ್ಲಿ ಆಗುತ್ತೆ."

ಆಗಲ್ಲ. ಸುಮ್ನೆ ಒಂದು ಲೆಕ್ಕ ಹಾಕೋಣ. ಆರು ಜನ ಕೆಲಸಕ್ಕಿದ್ದಾರೆ, ತಲಾ 20 ಸಾವಿರ ಸಂಬಳ ಅಂದುಕೊಳ್ಳಿ. ತಿಂಗಳಿಗೆ 1.2 ಲಕ್ಷ. ಟಿಕೆಟ್ 20 ರೂಪಾಯಿ ಆದರೆ ಸಂಬಳಕ್ಕೇ 6,000 ಜನ ಬರಬೇಕು, ಅಂದರೆ ದಿನಕ್ಕೆ 200. ಕೊಡಗಿನ ಜುಲೈ ಮಳೆಯಲ್ಲಿ, ಮಂಗಳವಾರ ಮಧ್ಯಾಹ್ನ, 200 ಜನ ಎಲ್ಲಿಂದ ಬರುತ್ತಾರೆ? ಶಾಲೆ ಮಕ್ಕಳಿಗೂ ಮಾಜಿ ಸೈನಿಕರಿಗೂ ಟಿಕೆಟ್ ಬೇಡ ಅಂತ ನೀವೇ ಹೇಳುತ್ತೀರಿ, ಅದು ಸರಿಯೂ ಹೌದು, ಆದರೆ ನಿಮ್ಮಲ್ಲಿಗೆ ಜಾಸ್ತಿ ಬರುವವರೂ ಅವರೇ ಅಲ್ವಾ? ಊರಿಂದ ಊರಿಗೆ ಅಂಕಿ ಬದಲಾಗುತ್ತದೆ, ಇದನ್ನೇ ನಂಬಿ ನಿರ್ಧಾರ ಮಾಡಬೇಡಿ. ಆದರೆ ಮದುವೆಗೆ ದುಡ್ಡು ಕೂಡಿಸಿ ಸಂಸಾರಕ್ಕೆ ಏನೂ ಇಟ್ಟುಕೊಳ್ಳದ ಕಥೆ ಎಲ್ಲ ಕಡೆಯೂ ಒಂದೇ.

ಇನ್ನು ಒಳಗಿಡುವ ವಸ್ತುಗಳು. ಹಿರಿಯರೊಬ್ಬರು ತಮ್ಮ ಕಪ್ಪು ಟ್ರಂಕ್ ತೆಗೆದು ತೋರಿಸಿದ್ದರು. ನುಸಿಗುಳಿಗೆಯ ಘಾಟು, ಉಣ್ಣೆಯ ಕೋಟು, ಕೋಟಿನ ಮೇಲೆ ಮೆಡಲ್. ಟ್ರಂಕಿನ ಕತ್ತಲಲ್ಲಿ ರಿಬ್ಬನ್ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಅದನ್ನೇ ಜಗಮಗ ದೀಪದ ಕೆಳಗೆ ಇಟ್ಟರೆ ಕೆಲವೇ ವರ್ಷದಲ್ಲಿ ಬಿಳಿಚಿಕೊಳ್ಳುತ್ತದೆ. ಬಟ್ಟೆಗೆ 50 ಲಕ್ಸ್ (ಲಕ್ಸ್ ಅಂದರೆ ಬೆಳಕು ಅಳೆಯುವ ಮಾನ), ಅಂದರೆ ಮಂದ ಬೆಳಕು ಸಾಕು ಅನ್ನುವುದು ಮ್ಯೂಸಿಯಂನವರು ಪಾಲಿಸುವ ಅಳತೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ತೇವ ಹೀರುವ ಯಂತ್ರ ಹಗಲೂ ರಾತ್ರಿ ಓಡಬೇಕು. ಕರೆಂಟ್ ಹೋದರೆ ಜನರೇಟರ್. ಇದೆಲ್ಲ "ಕಸ ಗುಡಿಸೋದು" ಅನ್ನುವುದರಲ್ಲಿ ಸೇರಿತ್ತಾ?

ದೊಡ್ಡವರಿಗೂ ಇದು ಸುಲಭವಲ್ಲ. ವಾಷಿಂಗ್ಟನ್ನಿನ ವಿಯೆಟ್ನಾಂ ಸ್ಮಾರಕದ ಗೋಡೆ 1982ರದು, ಅದರ ಮೇಲೆ ಆ ಯುದ್ಧದಲ್ಲಿ ಮಡಿದ, ಕಾಣೆಯಾದ 58 ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರ ಹೆಸರುಗಳಿವೆ. ಅದರ ಹತ್ತಿರ ನೆಲದಡಿಯಲ್ಲಿ ಒಂದು ಕೇಂದ್ರ ಕಟ್ಟಿ, ಜನ ಗೋಡೆಯ ಬುಡದಲ್ಲಿ ಬಿಟ್ಟುಹೋದ ಪತ್ರ, ಬೂಟು, ಫೋಟೋಗಳನ್ನು ತೋರಿಸಬೇಕು ಅಂತ ಯೋಜನೆಯಾಯಿತು. 2003ರಲ್ಲಿ ಅಲ್ಲಿನ ಸಂಸತ್ತು ಒಪ್ಪಿತು, 2012ರಲ್ಲಿ ಗುದ್ದಲಿ ಪೂಜೆಯೂ ಆಯಿತು. ಬೇಕಾದಷ್ಟು ದೇಣಿಗೆ ಬರಲಿಲ್ಲ, 2018ರಲ್ಲಿ ಕೈಬಿಟ್ಟರು. ಅಲ್ಲಿ ನನಗೆ ಇಷ್ಟವಾದದ್ದು 1986ರ ಒಂದು ಕಾನೂನು. ರಾಜಧಾನಿಯ ಸರ್ಕಾರಿ ಜಾಗದಲ್ಲಿ ಸ್ಮಾರಕ ಕಟ್ಟುವವರು, ಕಟ್ಟುವ ವೆಚ್ಚದ ಶೇ. 10ರಷ್ಟನ್ನು ನಿರ್ವಹಣೆಗೆ ಅಂತ ಮೊದಲೇ ಕೊಡಬೇಕು. ನಮ್ಮ ಸಮಿತಿಗಳೂ ಸ್ವಂತಕ್ಕೆ ಇಂಥ ನಿಯಮ ಹಾಕಿಕೊಳ್ಳಬಹುದು. ಜನ ಕೂತು ಕೆಲಸ ಮಾಡುವ ಕೇಂದ್ರಕ್ಕೆ ಅಷ್ಟು ಸಾಲುವುದಿಲ್ಲ, ಆ ಮಾತು ಬೇರೆ.

ಕಟ್ಟಲೇಬೇಡಿ ಅಂತಲ್ಲ ನಾನು ಹೇಳುವುದು. ಸನ್ನಿಸೈಡ್ ಹೊಸದಾಗಿ ಕಟ್ಟಿದ್ದಲ್ಲ, ಜನರಲ್ ತಿಮ್ಮಯ್ಯನವರ ಮನೆ. ಒಂದು ಕಾಲಕ್ಕೆ ಅಲ್ಲಿ ಆರ್‌ಟಿಒ ಕಚೇರಿ ಇತ್ತು! 2021ರ ಫೆಬ್ರವರಿಯಲ್ಲಿ ಅದು ಮ್ಯೂಸಿಯಂ ಆಗಿ ಬಾಗಿಲು ತೆರೆಯಿತು. ನಿಮ್ಮೂರಲ್ಲೂ ಖಾಲಿ ಬಿದ್ದ ಹಳೇ ಕಟ್ಟಡ ಇದೆಯಾ ನೋಡಿ. ಇಲ್ಲವೇ ಈಗಾಗಲೇ ನಡೆಯುತ್ತಿರುವ ಮ್ಯೂಸಿಯಂನಲ್ಲಿ ಒಂದು ಕೋಣೆ ಕೇಳಿ. ಹೆಸರು ಉಳಿದರೆ ಸಾಕು ಅನ್ನುವುದಾದರೆ ಕಲ್ಲಿನಲ್ಲಿ ಕೆತ್ತಿಸಿ. ನಮ್ಮ ಹಳ್ಳಿಗಳ ವೀರಗಲ್ಲುಗಳು ಎಷ್ಟೋ ಶತಮಾನದಿಂದ ವಾಚ್‌ಮನ್ ಇಲ್ಲದೆ ನಿಂತಿವೆ.

ಇಷ್ಟೆಲ್ಲ ಹೇಳಿದ ಮೇಲೂ ಒಬ್ಬರು ಹೊರಡುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು, "ಟ್ಯಾಂಕ್ ಸಿಗುತ್ತಾ ಸಾರ್?" ಅರ್ಜಿ ಹಾಕಿ ನೋಡಿ ಅಂದೆ. ತರಿಸುವ ಲಾರಿ ಬಾಡಿಗೆಯನ್ನೂ ತುಕ್ಕು ಹಿಡಿಯದಂತೆ ಬಳಿಯುವ ಬಣ್ಣವನ್ನೂ ಅದೇ ನಿರ್ವಹಣೆ ಪಟ್ಟಿಗೆ ಸೇರಿಸಲು ಹೇಳಿದೆ.