ಯುಪಿಎಸ್ ಜೊತೆ ಬಂದ ಯುಎಸ್‌ಬಿ ವೈರ್ ಎಲ್ಲಿದೆ?

ನ್ಯಾಸ್‌ಗೆ (ಮನೆಯವರೆಲ್ಲರ ಫೈಲ್‌ಗಳನ್ನು ನೆಟ್‌ವರ್ಕ್‌ನಲ್ಲಿ ಇಡುವ ಡಿಸ್ಕ್ ಪೆಟ್ಟಿಗೆ) ಯುಪಿಎಸ್ ಹಾಕಿದ್ದೀನಿ ಎನ್ನುವವರನ್ನು ಒಂದು ಮಾತು ಕೇಳಬೇಕು: ಕರೆಂಟ್ ಹೋಗಿದೆ ಅಂತ ಆ ನ್ಯಾಸ್‌ಗೆ ಗೊತ್ತಾಗುವುದು ಹೇಗೆ? ಯುಪಿಎಸ್ ಇದೆ, ನ್ಯಾಸ್‌ನ ಪ್ಲಗ್ ಅದಕ್ಕೇ ಹಾಕಿದೆ, ಆದರೆ ಎರಡರ ನಡುವೆ ಇರಬೇಕಾದ ಯುಎಸ್‌ಬಿ ವೈರ್ ಮಾತ್ರ ಡಬ್ಬದಲ್ಲೇ ಉಳಿದಿದ್ದರೆ, ನ್ಯಾಸ್ ಏನೂ ಆಗಿಲ್ಲ ಎಂಬಂತೆ ಬ್ಯಾಟರಿ ಮುಗಿಯುವ ತನಕ ಓಡುತ್ತದೆ. ಆಮೇಲೆ ದಪ್ ಅಂತ ಆಫ್. ಯುಪಿಎಸ್ ಇಲ್ಲದಿದ್ದರೂ ಆಗುತ್ತಿದ್ದದ್ದು ಇದೇ ಅಲ್ವಾ? ಈಗ ಸ್ವಲ್ಪ ತಡವಾಗಿ ಆಯಿತು, ಅಷ್ಟೇ.

ಹಾಗೆ ಆಫ್ ಆದರೆ ನಷ್ಟವೇನು? ಫೈಲ್ ಕಾಪಿ ಮುಗಿಯಿತು ಅಂತ ಪರದೆ ಹೇಳಿದ ತಕ್ಷಣ ಅದು ಡಿಸ್ಕ್‌ಗೆ ಇಳಿದಿರಲೇಬೇಕು ಅಂತೇನಿಲ್ಲ. ಮನೆಯ ನ್ಯಾಸ್‌ಗಳಲ್ಲಿ ಹೆಚ್ಚಿನವುಗಳ ಒಳಗಿರುವುದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ಅದು ಬರೆಯಬೇಕಾದ್ದನ್ನು ಮೊದಲು ರ‍್ಯಾಮ್‌ನಲ್ಲಿ ಇಟ್ಟುಕೊಂಡು ಆಮೇಲೆ ಡಿಸ್ಕ್‌ಗೆ ಕಳಿಸುತ್ತದೆ, ಮಾಮೂಲಿ ಸೆಟ್ಟಿಂಗ್‌ನಲ್ಲಿ 30 ಸೆಕೆಂಡ್‌ವರೆಗೂ ಕಾಯಬಹುದು. ಡಿಸ್ಕ್ ಒಳಗೆ ಬೇರೆ ಅದರದ್ದೇ ಒಂದು ಕ್ಯಾಶ್, ಅಂದರೆ ತಾತ್ಕಾಲಿಕ ಮೆಮೊರಿ ಇದೆ. ಫೈಲ್ ಸಿಸ್ಟಮ್‌ನ ಜರ್ನಲ್ (ಮಾಡಲಿರುವ ಬದಲಾವಣೆಗಳನ್ನು ಮೊದಲೇ ಗುರುತು ಹಾಕಿಡುವ ದಾಖಲೆ) ಇದೆಯಲ್ಲ ಅಂತೀರಾ? ಇದೆ, ಆದರೆ ಅದರ ಮುಖ್ಯ ಕೆಲಸ ಫೈಲ್ ಸಿಸ್ಟಮ್ ಕೆಡದಂತೆ ಕಾಯುವುದು. ರ‍್ಯಾಮ್‌ನಲ್ಲೇ ಉಳಿದಿದ್ದ ನಿಮ್ಮ ಫೋಟೋವನ್ನು ಅದು ತಂದುಕೊಡುವುದಿಲ್ಲ.

ನನಗೆ ಇದಕ್ಕಿಂತ ಜಾಸ್ತಿ ಭಯ ರೇಡ್ 5ರ ರೈಟ್ ಹೋಲ್ ಬಗ್ಗೆ. ರೇಡ್ 5 ಅಂದರೆ ಒಂದು ಡಿಸ್ಕ್ ಸತ್ತರೂ ಅದರಲ್ಲಿದ್ದದ್ದನ್ನು ಉಳಿದವುಗಳಿಂದ ಲೆಕ್ಕ ಹಾಕಿ ತೆಗೆಯುವ ಏರ್ಪಾಡು, ರೈಟ್ ಹೋಲ್ ಅಂದರೆ ಬರೆಯುವುದು ಅರ್ಧಕ್ಕೆ ನಿಂತು ಆ ಲೆಕ್ಕ ತಪ್ಪುವುದು. ಮೂರು ಡಿಸ್ಕ್ ಇವೆ ಅಂತಿಟ್ಟುಕೊಳ್ಳಿ. ಮೊದಲನೆಯದರಲ್ಲಿ 3, ಎರಡನೆಯದರಲ್ಲಿ 5, ಮೂರನೆಯದರಲ್ಲಿ ಪ್ಯಾರಿಟಿ, ಅಂದರೆ ಎರಡನ್ನೂ ಕೂಡಿದ 8. (ನಿಜವಾಗಿ ಅಲ್ಲಿರುವುದು ಎಕ್ಸ್‌ಓಆರ್ (XOR) ಎಂಬ ಬಿಟ್ ಲೆಕ್ಕ, ನಮಗೆ ಕೂಡುವ ಲೆಕ್ಕವೇ ಸಾಕು.) ನೀವು 3 ಇದ್ದ ಕಡೆ 4 ಬರೆದಿರಿ, 8 ಹೋಗಿ 9 ಆಗುವಷ್ಟರಲ್ಲಿ ಕರೆಂಟ್ ಹೋಯಿತು. ಈಗ ಇರುವುದು 4, 5, 8. ಮತ್ತೆ ಆನ್ ಆದಾಗ ಲಿನಕ್ಸ್ ಪ್ಯಾರಿಟಿಯನ್ನು ಸರಿ ಮಾಡಲು ಕೂರುತ್ತದೆ, ಅದಕ್ಕೆ ಸೆಟ್ಟಿಂಗ್ ನೋಡಿಕೊಂಡು ನಿಮಿಷಗಳೂ ಆಗಬಹುದು, ಗಂಟೆಗಟ್ಟಲೆಯೂ ಹಿಡಿಯಬಹುದು. ಅದು ಮುಗಿಯುವ ಮೊದಲೇ ಎರಡನೇ ಡಿಸ್ಕ್ ಸತ್ತರೆ ರೇಡ್ 8ರಲ್ಲಿ 4 ಕಳೆದು, ಅಲ್ಲಿದ್ದದ್ದು 4 ಅಂತ ಹೇಳುತ್ತದೆ. ಇದ್ದದ್ದು 5! ವಿಚಿತ್ರ ನೋಡಿ, ಕರೆಂಟ್ ಹೋದಾಗ ಆ ಎರಡನೇ ಡಿಸ್ಕ್‌ನ ಫೈಲನ್ನು ಯಾರೂ ಮುಟ್ಟಿರಲೂ ಇಲ್ಲ. ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ಗೆ ಈ ಕಾಟವಿಲ್ಲ, ಅದು ಹಳೆಯದರ ಮೇಲೆ ಬರೆಯದೆ ಹೊಸ ಜಾಗದಲ್ಲಿ ಬರೆಯುತ್ತದೆ.

ಯಂತ್ರದ ಮಟ್ಟಿಗೆ ಹಾರ್ಡ್ ಡಿಸ್ಕ್ ಜಾಣ. ಕರೆಂಟ್ ಹೋದರೂ ತಟ್ಟೆಗಳು ಇನ್ನೂ ತಿರುಗುತ್ತಿರುತ್ತವೆ, ಆ ವೇಗದಿಂದ ಮೋಟಾರೇ ಜನರೇಟರ್ ಆಗಿ ಒಂಚೂರು ವಿದ್ಯುತ್ ಕೊಡುತ್ತದೆ, ಅಷ್ಟರಲ್ಲಿ ಓದಿ ಬರೆಯುವ ಹೆಡ್ ಪಕ್ಕಕ್ಕೆ ಸರಿದುಬಿಡುತ್ತದೆ. ಆದರೆ ಹೀಗೆ ಗಡಿಬಿಡಿಯಲ್ಲಿ ಸರಿಯುವುದು ಮಾಮೂಲಿಗಿಂತ ಹೆಚ್ಚು ಸವೆತ ತರುತ್ತದೆ, ದಿನಾ ಮಾಡಿಸುವಂಥದ್ದಲ್ಲ.

ಇನ್ನು ಯುಪಿಎಸ್. ಅಗ್ಗದ ಸ್ಟ್ಯಾಂಡ್‌ಬೈ ಮಾದರಿ ಬ್ಯಾಟರಿಗೆ ಹೊರಳಲು ಕೆಲವು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ನ್ಯಾಸ್‌ನ ಅಡಾಪ್ಟರ್ ಸಾಮಾನ್ಯವಾಗಿ ಅಷ್ಟನ್ನು ತಡೆದುಕೊಳ್ಳುತ್ತದೆ. ವೋಲ್ಟೇಜ್ ಪದೇ ಪದೇ ಇಳಿಯುವ ಕಡೆ ಲೈನ್ ಇಂಟರ್‌ಆ್ಯಕ್ಟಿವ್ ತಗೊಳ್ಳಿ, ಅದು ಬ್ಯಾಟರಿ ಮುಟ್ಟದೆಯೇ ವೋಲ್ಟೇಜ್ ಏರಿಸಿ ಕೊಡುತ್ತದೆ. ಸುಮ್ನೆ ದೊಡ್ಡ ವಿಎ ಸಂಖ್ಯೆಗೆ ಮರುಳಾಗಬೇಡಿ. ವಿಎ ಹೇಳುವುದು ಎಷ್ಟು ಭಾರ ಹೊರಬಹುದು ಅಂತ, ಎಷ್ಟು ಹೊತ್ತು ಅಂತಲ್ಲ. ಹೊತ್ತು ನಿರ್ಧರಿಸುವುದು ಬ್ಯಾಟರಿ. ಸಣ್ಣ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ 12 ವೋಲ್ಟ್, 7 ಆ್ಯಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 84 ವ್ಯಾಟ್-ಅವರ್ ಇದೆ, ನಷ್ಟ ಕಳೆದು ಅರ್ಧ ಕೈಗೆ ಸಿಕ್ಕಿತು ಅಂದುಕೊಂಡರೂ 40 ವ್ಯಾಟ್‌ನ ನ್ಯಾಸ್‌ಗೆ ಒಂದು ಗಂಟೆ. ನೀಟಾಗಿ ಶಟ್‌ಡೌನ್ ಆಗಲು ಬೇಕಾದದ್ದು ಕೆಲವೇ ನಿಮಿಷ.

ಆ ಶಟ್‌ಡೌನ್ ಮಾಡಿಸುವುದು ಯುಎಸ್‌ಬಿ ವೈರ್. ಕರೆಂಟ್ ಇದೆಯೇ, ಚಾರ್ಜ್ ಎಷ್ಟಿದೆ ಎಂಬುದನ್ನು ಯುಪಿಎಸ್ ಅದರ ಮೂಲಕವೇ ಹೇಳುತ್ತದೆ, ಕೇಳಿಸಿಕೊಳ್ಳಲು ಲಿನಕ್ಸ್‌ನಲ್ಲಿ ನಟ್ ಎಂಬ ಉಚಿತ ತಂತ್ರಾಂಶ ಇದೆ. ಒಂದೇ ಯುಪಿಎಸ್ ಮೇಲೆ ಎರಡು ಮೂರು ಯಂತ್ರಗಳಿದ್ದರೆ ನಟ್ ನೆಟ್‌ವರ್ಕ್ ಮೂಲಕ ಅವಕ್ಕೂ ಸುದ್ದಿ ಕೊಡುತ್ತದೆ. ಅಂದಮೇಲೆ ರೌಟರ್, ನೆಟ್‌ವರ್ಕ್ ಸ್ವಿಚ್ ಎರಡೂ ಬ್ಯಾಟರಿ ಮೇಲೆ ಇರಬೇಕು, ಇಲ್ಲದಿದ್ದರೆ ಸುದ್ದಿ ಹೋಗುವ ದಾರಿಯೇ ಸತ್ತಿರುತ್ತದೆ.

'ಬ್ಯಾಟರಿ ಕಡಿಮೆಯಾದಾಗ ಆಫ್ ಮಾಡು' ಎಂಬ ಸೆಟ್ಟಿಂಗ್ ನನಗೆ ಇಷ್ಟವಿಲ್ಲ. ಲೆಡ್ ಆ್ಯಸಿಡ್ ಬ್ಯಾಟರಿಯ ಆಯಸ್ಸು ಸಾಮಾನ್ಯವಾಗಿ 3ರಿಂದ 5 ವರ್ಷ, ಬಿಸಿ ಜಾಗದಲ್ಲಿ ಇನ್ನೂ ಕಡಿಮೆ. ಹಳೆಯದಾದ ಮೇಲೆ ಅದು ಇನ್ನೂ 60 ಶೇಕಡಾ ಇದೆ ಅಂತ ತೋರಿಸುತ್ತಲೇ ಥಟ್ಟನೆ ಕೈಕೊಡಬಹುದು. ಕರೆಂಟ್ ಹೋಗಿ 5 ನಿಮಿಷಕ್ಕೆ ಆಫ್ ಆಗು ಅಂತ ಸಮಯ ಕಟ್ಟುವುದೇ ವಾಸಿ. ಪರೀಕ್ಷೆಗೆ ಯುಪಿಎಸ್‌ನ ಪ್ಲಗ್ ಕೀಳಬೇಡಿ, ಅರ್ತ್ ತಪ್ಪಿಹೋಗುತ್ತದೆ. ಗೋಡೆಯ ಸ್ವಿಚ್ ಆಫ್ ಮಾಡಿ ನೋಡಿ.

ಇನ್ನೊಂದು ತಲೆನೋವು ಕರೆಂಟ್ ವಾಪಸ್ ಬಂದಾಗಿನದು. ನ್ಯಾಸ್ ತಾನೇ ಆಫ್ ಆಗಿದೆ, ಯುಪಿಎಸ್ ಮಾತ್ರ ಇನ್ನೂ ವಿದ್ಯುತ್ ಕೊಡುತ್ತಲೇ ಇದೆ, ಅಷ್ಟರಲ್ಲಿ ಕರೆಂಟ್ ಬಂದರೆ ನ್ಯಾಸ್‌ನ ಲೆಕ್ಕದಲ್ಲಿ ಅದು ಹೋಗಿಯೇ ಇರಲಿಲ್ಲ, ಹಾಗಾಗಿ ಎಷ್ಟೋ ಸಲ ಅದು ತಾನಾಗಿ ಏಳುವುದಿಲ್ಲ. ಅದಕ್ಕೇ ಶಟ್‌ಡೌನ್‌ನ ಕೊನೆಯಲ್ಲಿ ಯುಪಿಎಸ್‌ಗೂ ಔಟ್‌ಪುಟ್ ನಿಲ್ಲಿಸು ಅಂತ ಹೇಳುವ ಏರ್ಪಾಡು ಇರುತ್ತದೆ, ಅದು ಆನ್ ಆಗಿದೆಯೇ ನೋಡಿ. ಬ್ಯಾಟರಿ ಒಂದಿಷ್ಟು ತುಂಬಿದ ಮೇಲೆ ಔಟ್‌ಪುಟ್ ಕೊಡು ಎಂಬ ಆಯ್ಕೆಯೂ ಕೆಲವು ಯುಪಿಎಸ್‌ಗಳಲ್ಲಿದೆ. ಬಂದ ಕರೆಂಟ್ ಹತ್ತು ನಿಮಿಷದಲ್ಲಿ ಮತ್ತೆ ಹೋದರೆ, ಖಾಲಿ ಬ್ಯಾಟರಿ ಮೇಲೆ ಎದ್ದ ನ್ಯಾಸ್‌ಗೆ ಶಟ್‌ಡೌನ್ ಮಾಡುವಷ್ಟೂ ಸಮಯ ಸಿಗದು.