ಗುಳಿಗೆ ಯಾಕೆ ತಪ್ಪಿತು ಅಂತ ಕೇಳಿದ್ರಾ?

ವಿಜಯಪುರ, ಬಾಗಲಕೋಟೆ ಕಡೆಯ ದವಾಖಾನೆಗಳಲ್ಲಿ ಒಂದು ತಾಸು ಕೂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಎಷ್ಟ್ ಹೇಳಿದ್ರೂ ಕೇಳೂದಿಲ್ರಿ ಈ ಮಂದಿ." ಶುಗರ್ ಏರಿದೆಯಾ? ಬಿಪಿ ಇಳಿದಿಲ್ಲವಾ? ತಪ್ಪು ರೋಗಿಯದೇ. ವಿಚಾರಣೆ ಆಮೇಲೆ.

"ಓದು ಬರಹ ಇಲ್ಲದವರು ಹೀಗೇ" ಅನ್ನುತ್ತಾರೆ ಕೆಲವರು. ಆದರೆ ಶ್ರೀಮಂತ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆಗೆ ಹೇಳಿದ ಹಾಗೆ ಔಷಧಿ ತಗೊಳ್ಳುವವರು ಸರಾಸರಿ ಅರ್ಧದಷ್ಟು ಜನ ಮಾತ್ರ ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು.

ಮುಧೋಳದ ಕಡೆ ಕಬ್ಬು ಕಡಿಯುವ ಹೆಂಗಸಿಗೆ ಬಿಪಿಗೆ ಅಂತ ಮೂತ್ರ ಹೆಚ್ಚಿಸುವ ಗುಳಿಗೆ ಬರೆದುಕೊಟ್ಟರು ಅಂದುಕೊಳ್ಳಿ. ಬೆಳಿಗ್ಗೆ ನುಂಗಿದರೆ ಮತ್ತೆ ಮತ್ತೆ ಹೋಗಬೇಕು. ಹೊಲದಲ್ಲಿ ಶೌಚಾಲಯ ಇಲ್ಲ, ಸುತ್ತ ಗಂಡಸರು. ರಾತ್ರಿ ನುಂಗಿದರೆ ನಿದ್ದೆ ಕೆಡುತ್ತದೆ. ಕೆಲಸದ ದಿನ ಗುಳಿಗೆ ಬಿಟ್ಟರೆ ಅದು ಉಡಾಫೆಯಲ್ಲ, ಲೆಕ್ಕ ಹಾಕಿಯೇ ಬಿಟ್ಟದ್ದು. ಕಾರಣ ಗೊತ್ತಾಗಿದ್ದರೆ ಡಾಕ್ಟರ್ ಬೇರೆ ಗುಳಿಗೆ ಯೋಚಿಸಬಹುದಿತ್ತು.

ಇನ್ಸುಲಿನ್ ಕಥೆ ಇನ್ನೂ ವಿಚಿತ್ರ. ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ನಮ್ಮ ಬೇಸಿಗೆಯೋ 40 ದಾಟುತ್ತದೆ. ತಗಡಿನ ಮನೆ, ಫ್ರಿಜ್ ಇಲ್ಲ. ಕಾವಿಗೆ ಇನ್ಸುಲಿನ್‌ನ ಪ್ರೋಟೀನ್ ಕೆಟ್ಟು ಬಲ ಕುಂದುತ್ತದೆ. ಪಾಪ, ದಿನಾ ಚುಚ್ಚಿಕೊಂಡರೂ ಶುಗರ್ ಇಳಿಯದೆ ಆ ಮನುಷ್ಯ ಸುಳ್ಳುಗಾರ ಅನ್ನಿಸಿಕೊಳ್ಳುತ್ತಾನೆ.

ಇಂಥ ಹಣೆಪಟ್ಟಿ ಕೇಸ್ ಪೇಪರ್ ಜೊತೆ ಮುಂದಿನ ಡಾಕ್ಟರ್‌ಗೂ ಹೋಗುತ್ತದೆ. 2018ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 400ಕ್ಕೂ ಹೆಚ್ಚು ವೈದ್ಯಕೀಯ ವಿದ್ಯಾರ್ಥಿಗಳು ಮತ್ತು ತರಬೇತಿಯಲ್ಲಿದ್ದ ವೈದ್ಯರಿಗೆ ಒಬ್ಬ ಕಾಲ್ಪನಿಕ ರೋಗಿಯ ಟಿಪ್ಪಣಿ ಓದಲು ಕೊಟ್ಟರು. ಅವನಿಗೆ ಸಿಕಲ್ ಸೆಲ್ ಕಾಯಿಲೆ. ಇದರಲ್ಲಿ ರಕ್ತಕಣಗಳು ಕುಡುಗೋಲಿನ ಹಾಗೆ ಬಾಗಿ ನಾಳದಲ್ಲಿ ಸಿಕ್ಕಿಕೊಳ್ಳುತ್ತವೆ, ನೋವು ವಿಪರೀತ. ಕೆಲವರಿಗೆ ಸಿಕ್ಕಿದ್ದು ಸಹಜವಾಗಿ ಬರೆದ ಟಿಪ್ಪಣಿ, ಉಳಿದವರಿಗೆ ರೋಗಿಯ ಬಗ್ಗೆ ಅನುಮಾನ, ಅಸಡ್ಡೆ ತುಂಬಿದ್ದು. ಕಾಯಿಲೆಯ ವಿವರ ಎರಡರಲ್ಲೂ ಒಂದೇ. ಎರಡನೆಯದನ್ನು ಓದಿದವರಿಗೆ ರೋಗಿಯ ಮೇಲೆ ಸದಭಿಪ್ರಾಯ ಕಡಿಮೆಯಾಯಿತು. ಅಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಅವನ ನೋವಿಗೆ ಕೊಡುವ ಚಿಕಿತ್ಸೆಯಲ್ಲೂ ಅವರು ಕೈ ಬಿಗಿ ಮಾಡಿದರು.

ಹೊರಗೆ ಉದ್ದ ಸಾಲು ನಿಂತಿರುವಾಗ ಇದನ್ನೆಲ್ಲ ಕೇಳಲು ಪುರುಸೊತ್ತೆಲ್ಲಿ ಅನ್ನುವ ಸಿಸ್ಟರ್ ಮಾತೂ ಸುಳ್ಳಲ್ಲ. ಆದರೆ "ಗುಳಿಗೆ ಬರೋಬರಿ ತಗೋತೀರಿಲ್ಲೋ?" ಅಂದರೆ ಯಾರಾದರೂ "ಹೂಂರಿ" ಅನ್ನದೆ ಇನ್ನೇನು ಅಂದಾರು? ಅದರ ಬದಲು "ಎಲ್ಲಾರಿಗೂ ಒಮ್ಮೊಮ್ಮೆ ತಪ್ಪತಾವ್ರಿ, ಈ ವಾರ ನಿಮಗ ಎಷ್ಟ್ ತಪ್ಪಿದ್ವು?" ಅಂತ ಕೇಳಿ ನೋಡಬಹುದು. ಅದಕ್ಕೂ ಅಷ್ಟೇ ಹೊತ್ತು ಸಾಕು.