ಜೀನು ಯಾವ ಕಡೆಗೆ ಹಾಕಬೇಕು?

ಹೊರೆ ಕುದುರೆಗೆ ಜೀನು ಹಾಕುವಾಗ ಮುಂಭಾಗ ಯಾವ ಕಡೆ ಬರಬೇಕು? ಕುದುರೆ ಹತ್ತಿದವನು ಯಾವ ಕಡೆ ತಿರುಗಿ ಕೂರಬೇಕು? ಇಷ್ಟು ಗೊತ್ತಿಲ್ಲದವನಿಗೆ ಪಿತ್ರಾರ್ಜಿತ ಆಸ್ತಿ ಪಡೆಯುವ ಅರ್ಹತೆ ಇಲ್ಲ. ಮಧ್ಯಯುಗದ ಐಸ್‌ಲ್ಯಾಂಡಿನ ಕಾನೂನು ಹೀಗೆ ಹೇಳುತ್ತಿತ್ತು. ಆ ಕಾನೂನುಗಳ ಸಂಗ್ರಹಕ್ಕೆ ಗ್ರಾಗಾಸ್ ಅಂತ ಹೆಸರು. ಅಂದರೆ ಬೂದು ಹೆಬ್ಬಾತು. ಅಲ್ಲಿಯವರೆಗೆ ಬಾಯಿಪಾಠವಾಗಿದ್ದ ಕಾನೂನನ್ನು ಅಲ್ಲಿನವರು ಬರೆದಿಡಲು ಶುರು ಮಾಡಿದ್ದು 1117ರ ಚಳಿಗಾಲದಲ್ಲಿ.

ಮೊದಲ ಸಲ ಓದಿದಾಗ ನನಗೆ ಬೇಸರವಾಯಿತು. ಒಬ್ಬ ಮನುಷ್ಯನ ಪಾಲು ಕಿತ್ತುಕೊಳ್ಳಲು ಇಷ್ಟು ಸಾಕಾಯಿತಾ? ಆದರೆ ಆ ಪ್ರಶ್ನೆಯಲ್ಲಿ ಇನ್ನೊಂದು ವಿಷಯವೂ ಇದೆ. ಓದು, ಲೆಕ್ಕ, ಮಾತುಗಾರಿಕೆ ಯಾವುದನ್ನೂ ಅದು ಕೇಳುವುದಿಲ್ಲ. ಹೊಲಮನೆಯಲ್ಲಿ ದಿನಾ ಮಾಡುವ ಒಂದು ಕೆಲಸ ಬರುತ್ತದಾ ಅಂತ ಮಾತ್ರ ಕೇಳುತ್ತದೆ. ಬುದ್ಧಿಯನ್ನು ಅಂಕಿಯಲ್ಲಿ ಅಳೆಯುವ ದಾರಿ ಹಿಡಿದದ್ದು ಫ್ರಾನ್ಸಿನ ಬಿನೆ ಮತ್ತು ಸಿಮೋನ್, 1905ರಲ್ಲಿ. ಆಮೇಲೆ ಬಹಳ ಕಾಲ ಐಕ್ಯೂ ಹೇಳಿದ್ದೇ ತೀರ್ಪು. 2013ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ಕೈಪಿಡಿ ಬದಲಿಸಿದರು. ಬೌದ್ಧಿಕ ಅಂಗವೈಕಲ್ಯ ಎಷ್ಟು ತೀವ್ರ ಅನ್ನುವುದನ್ನು ಈಗ ಐಕ್ಯೂ ಅಂಕಿಯಿಂದ ಹೇಳುವುದಿಲ್ಲ. ದಿನದ ಬದುಕನ್ನು ಆ ವ್ಯಕ್ತಿ ಎಷ್ಟು ನಿಭಾಯಿಸುತ್ತಾನೆ ಅಂತ ನೋಡುತ್ತಾರೆ. ಜೀನಿನ ಪ್ರಶ್ನೆಯೂ ಅಲ್ಲೇ ಹತ್ತಿರ ಬರುತ್ತದೆ ಅಲ್ವಾ?

ಆಸ್ತಿ ಸಿಗದವನ ಗತಿ ಏನು? ತನ್ನ ಹೊಟ್ಟೆ ತಾನು ಹೊರೆಯಲಾಗದವರನ್ನು ಅಲ್ಲಿ ಓಮಾಗಿ ಅನ್ನುತ್ತಿದ್ದರು. ಮಕ್ಕಳು, ಮುದುಕರು, ಕಾಯಿಲೆಯವರು ಎಲ್ಲರೂ ಇದರಲ್ಲಿ ಸೇರುತ್ತಿದ್ದರು. ಅವರನ್ನು ಸಾಕಬೇಕಾದ್ದು ನೆಂಟರು. ಯಾರ ಸರದಿ ಮೊದಲು, ಯಾರದು ನಂತರ ಅಂತ ಕಾನೂನೇ ಹೇಳುತ್ತಿತ್ತು. ಸಾಕುವ ನೆಂಟರೇ ಇಲ್ಲದಿದ್ದರೆ ಹೊಣೆ ಹ್ರೆಪ್ಪ್‌ ಮೇಲೆ ಬೀಳುತ್ತಿತ್ತು. ಅದು ಕನಿಷ್ಠ 20 ರೈತರ ಒಂದು ಕೂಟ. ಅಂದರೆ ನೋಡಿಕೊಳ್ಳುವವರು ಇರಲೇಬೇಕು. ಹೇಗೆ ನೋಡಿಕೊಳ್ಳುತ್ತಾರೆ ಅನ್ನುವುದು ಮಾತ್ರ ಆ ಮನೆಯವರಿಗೆ ಬಿಟ್ಟದ್ದು.

ಹಾವಮಾಲ್ ಅನ್ನುವ ಅಲ್ಲಿನ ಹಳೆಯ ನುಡಿಗವನದಲ್ಲಿ ಒಂದು ಪದ್ಯವಿದೆ. ಕುಂಟ ಕುದುರೆ ಸವಾರಿ ಮಾಡಬಲ್ಲ, ಕೈಯಿಲ್ಲದವನು ದನ ಕಾಯಬಲ್ಲ, ಕಿವುಡ ಕಾದಾಡಬಲ್ಲ, ಸುಟ್ಟು ಬೂದಿಯಾಗುವುದಕ್ಕಿಂತ ಕುರುಡನಾಗಿರುವುದು ಮೇಲು, ಹೆಣದಿಂದ ಯಾರಿಗೂ ಉಪಯೋಗವಿಲ್ಲ. ನನಗೆ ಬಹಳ ಇಷ್ಟವಾದ ಪದ್ಯ ಇದು. ಆದರೆ ಆ ಸಾಲಿನಲ್ಲಿ ಬುದ್ಧಿ ಕಡಿಮೆ ಇರುವವನು ಇಲ್ಲ. ಅವನ ಪ್ರಸ್ತಾಪ ಅದೇ ಕವನದಲ್ಲಿ ಬೇರೆ ಕಡೆ ಬರುತ್ತದೆ. ನಾಲ್ಕು ಜನರ ನಡುವೆ ಅವನು ಸುಮ್ನೆ ಇದ್ದರೆ ಒಳ್ಳೆಯದು, ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ.

ಪೆದ್ದನಿಗೆ ಅಲ್ಲಿನವರ ಹಳೆಯ ಭಾಷೆಯಾದ ನಾರ್ಸ್‌ನಲ್ಲಿ ಹೈಮ್ಸ್ಕ್ರ್ ಅನ್ನುತ್ತಿದ್ದರು. ಹೈಮ್ ಅಂದರೆ ಮನೆ. ಮನೆ ಬಿಟ್ಟು ಹೊರಗೆ ಹೋಗದವನು, ಹಾಗಾಗಿ ಲೋಕ ಗೊತ್ತಿಲ್ಲದವನು. ಅಡ್ಡಹೆಸರೇ ಇದಾಗಿದ್ದ ಹ್ರೈದಾರ್ ಎಂಬವನ ಕಥೆ 13ನೇ ಶತಮಾನದ ಒಂದು ಸಂಕಲನದಲ್ಲಿದೆ. ಭಾರೀ ಆಳು, ಓಟದಲ್ಲಿ ಚುರುಕು, ಸಿಟ್ಟೇ ಬಾರದವನು. ತನ್ನನ್ನು ತಾನು ನೋಡಿಕೊಳ್ಳಲು ಬಾರದು ಅಂತ ಎಲ್ಲರ ಅಭಿಪ್ರಾಯ. ಅಣ್ಣ ಥೋರ್ದ್ ನಾರ್ವೆಗೆ ಹೊರಟಾಗ ಇವನೂ ಹಟ ಮಾಡಿ ಹೊರಟ. ರಾಜ ಮಾಗ್ನುಸ್‌ನ ಮುಂದೆ ನಿಂತು ಕಣ್ಣಾರೆ ನೋಡಿದ. ನೋಡಿ, ನಿನ್ನ ಒಂದು ಕಣ್ಣು ಇನ್ನೊಂದಕ್ಕಿಂತ ಸ್ವಲ್ಪ ಮೇಲಿದೆ ಅಂದ. ರಾಜ ಸಿಟ್ಟಾಗಲಿಲ್ಲ. ಇದನ್ನು ಗಮನಿಸಿದವರು ಇವನ ಹೊರತು ಇನ್ನೊಬ್ಬರೇ ಅಂದ. ಮುಂದೆ ಹ್ರೈದಾರ್ ಬೆಳ್ಳಿಯಲ್ಲಿ ಒಂದು ಹಂದಿ ಮಾಡಿದ. ಕೈಚಳಕ ನೋಡಿ ಜನ ಬೆರಗಾದರು. ಕೊನೆಗೆ ಐಸ್‌ಲ್ಯಾಂಡಿಗೆ ವಾಪಸ್ ಬಂದು ಹೊಲಮನೆ ಕಟ್ಟಿದ. ಆ ಜಾಗಕ್ಕೆ ಅವನದೇ ಹೆಸರು ಬಂತು.

ಇಲ್ಲಿ ನನಗೆ ಚುಚ್ಚುವುದು ಕಥೆಗಾರನ ಕೊನೆಯ ಮಾತು. ಚಿಕ್ಕಂದಿನ ಆ ವಿಚಿತ್ರ ನಡತೆಯೆಲ್ಲ ಹೆಚ್ಚಿನ ಪಾಲು ಅವನೇ ಹಾಕಿಕೊಂಡ ವೇಷ ಅನ್ನುತ್ತಾನೆ. ಬದುಕಿ ಬಾಳಿ ತೋರಿಸಿದವನು ನಿಜವಾಗಿ ಹಾಗಿದ್ದ ಅಂತ ಒಪ್ಪಲು ಕಥೆಗಾರನಿಗೆ ಮನಸ್ಸು ಬರಲಿಲ್ಲ.

ಇನ್ನೊಬ್ಬನ ಹೆಸರು ಹೆಲ್ಗಿ. ಗೀಸ್ಲಿ ಎಂಬವನ ಸಾಗಾದಲ್ಲಿ, ಅಂದರೆ ಐಸ್‌ಲ್ಯಾಂಡಿನ ಹಳೆಯ ಗದ್ಯಕಥೆಯಲ್ಲಿ ಬರುತ್ತಾನೆ. ಹೆರ್ಗಿಲ್ಸೆ ದ್ವೀಪದ ಇಂಗ್ಯಾಲ್ಡ್‌ನ ಮಗ. ದೈತ್ಯನಂಥ ದೇಹ. ಕುತ್ತಿಗೆಗೆ ತೂತು ಮಾಡಿದ ಕಲ್ಲು ಕಟ್ಟಿದ್ದರು. ಹೊರಗೆ ದನದ ಹಾಗೆ ಹುಲ್ಲು ಮೇಯುತ್ತಿದ್ದ ಅಂತ ಸಾಗಾ ಹೇಳುತ್ತದೆ. ಊರವರ ಬಾಯಲ್ಲಿ ಅವನು ಇಂಗ್ಯಾಲ್ಡ್‌ನ ಪೆದ್ದ. ಅಪ್ಪನೇನು ಕೆಟ್ಟವನಲ್ಲ. ಕೊಲೆ ಮಾಡಿ ಕಾನೂನಿನ ರಕ್ಷಣೆ ಕಳೆದುಕೊಂಡಿದ್ದ ಗೀಸ್ಲಿಯನ್ನು ಜೀವದ ಹಂಗು ತೊರೆದು ಬಚ್ಚಿಟ್ಟವನು ಅದೇ ಇಂಗ್ಯಾಲ್ಡ್.

ಒಂದು ದಿನ ಬೋರ್ಕ್ ಎಂಬವನು ಜನ ಕಟ್ಟಿಕೊಂಡು ಗೀಸ್ಲಿಯನ್ನು ಹುಡುಕುತ್ತ ಹಡಗಿನಲ್ಲಿ ಬಂದ. ಗೀಸ್ಲಿ ಆಗ ಬೋಥಿಲ್ಡ್ ಎಂಬ ದಾಸಿಯ ಜೊತೆ ದೋಣಿಯಲ್ಲಿದ್ದ. ತಪ್ಪಿಸಿಕೊಳ್ಳಲು ಹೆಲ್ಗಿಯ ಹಾಗೆ ನಟಿಸಿದ. ಮೀನಿನ ದಾರ ಮೈಗೆ ಸುತ್ತಿಕೊಂಡ, ದೋಣಿಯ ಅಂಚಿನಿಂದ ಹೊರಗೆ ಜೋತುಬಿದ್ದ. ಹಡಗಿನವರು ಬಿದ್ದು ಬಿದ್ದು ನಕ್ಕರು. ಇಂಥವನ ಹಿಂದೆ ತಿರುಗುವುದು ನಿನ್ನ ಕರ್ಮ ಅಂತ ಅವಳಿಗೆ ಹೇಳಿದರು. ನಿಮಗೆ ಇದು ತಮಾಷೆ, ನನ್ನ ಕಷ್ಟ ನಿಮಗೆ ಏನೂ ಅಲ್ಲ ಅಂದಳು ಬೋಥಿಲ್ಡ್. ಅವಳ ಮಾತು ಕೇಳಿ ಅವರು ನಂಬಿ ಹೋದರು. ದ್ವೀಪಕ್ಕೆ ಇಳಿದು ನಿಜವಾದ ಹೆಲ್ಗಿಯನ್ನು ನೋಡಿದ ಮೇಲೆಯೇ ಮೋಸ ಹೋದದ್ದು ಗೊತ್ತಾಗಿದ್ದು.

ಅವಳು ಅಷ್ಟು ಚೆನ್ನಾಗಿ ಹಾಗೆ ಹೇಳಬಲ್ಲವಳಾದದ್ದು ಹೇಗೆ? ಆ ಮಾತು ಅವಳು ದಿನಾ ಬಾಳಿದ ಬದುಕಿನಿಂದ ಬಂದಿತ್ತು ಅಂತ ನನ್ನ ನಂಬಿಕೆ. ಯಜಮಾನನ ಮಗನ ಹಿಂದೆ ತಿರುಗುವ ಕೆಲಸ ದಾಸಿಯ ಪಾಲಿಗೆ ಬಂದಿತ್ತು. ಕಾನೂನಿನಲ್ಲಿ ಸರದಿ ಹಚ್ಚಿದ್ದ ನೆಂಟರ ಪಟ್ಟಿಯಲ್ಲಿ ಅವಳ ಹೆಸರು ಇರಲು ಸಾಧ್ಯವೇ ಇರಲಿಲ್ಲ. ದಡ ಸೇರಿದ ಗೀಸ್ಲಿ ಅವಳ ಕೈಗೆ ಎರಡು ಚಿನ್ನದ ಉಂಗುರ ಕೊಟ್ಟ. ಒಂದು ಇಂಗ್ಯಾಲ್ಡ್‌ಗೆ, ಒಂದು ಅವನ ಹೆಂಡತಿಗೆ. ಇವಳನ್ನು ದಾಸ್ಯದಿಂದ ಬಿಡಿಸಿ ಅಂತ ಹೇಳಿ ಕಳಿಸಿದ. ಅವಳು ಹೋದ ಮೇಲೆ ಹೆಲ್ಗಿಯ ಜೊತೆ ದೋಣಿ ಹತ್ತಿದವರು ಯಾರು?